ಗಂಗಾವತಿಯಿಂದ ಉಗಾಂಡಾದ ದರ್ಜಿಗೆ ಸಾಲ ಕೊಡಬಹುದೇ?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಹೈಸ್ಕೂಲು ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಅಮೆರಿಕದಲ್ಲಿರುವ ಮಗ ಕಳೆದ ದೀಪಾವಳಿಗೆ ಕೀವಾ ಎಂಬ ಸಂಸ್ಥೆಯ 25 ಡಾಲರಿನ ಉಡುಗೊರೆ ಕಾರ್ಡ್ ಕಳಿಸಿದ್ದ. ಅದನ್ನು ಆನ್‌ಲೈನಿನಲ್ಲೇ ಉಗಾಂಡಾದ ಒಬ್ಬ ದರ್ಜಿ ಹೆಣ್ಣುಮಗಳ ಸಾಲಕ್ಕೆ ಸೇರಿಸಿದೆ. ಈಗ ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಹಣ ಮರಳಿ ಜಮಾ ಆಗುತ್ತಿದೆ. ಇದರಿಂದ ಮನಸ್ಸಿಗೆ ಬಹಳ ಸಂತೋಷವಾಗಿದ್ದು, ಪಿಂಚಣಿಯಲ್ಲಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಹೀಗೆ ತೊಡಗಿಸಬೇಕೆಂದಿದ್ದೇನೆ. ನನ್ನ ಹಣ ನಿಜವಾಗಿ ಆಕೆಗೇ ತಲುಪುತ್ತದೆಯೇ? ಆಕೆ ಬಡ್ಡಿ ಕಟ್ಟಬೇಕೇ? ಇಲ್ಲಿಂದ ಹೀಗೆ ಸಾಲ ಕೊಡಲು ಕಾನೂನಿನ ಅಡ್ಡಿಯಿದೆಯೇ? ‘ಊರ ಮಂದಿಯೇ ಸಾಲಕ್ಕೆ ಅಲೆಯುವಾಗ ಆಫ್ರಿಕಾದವರ ಉಸಾಬರಿ ನಿನಗೇಕೆ’ ಎಂದು ಮನೆಯವರು ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಿಬಿಡುತ್ತೇನೆ. ನೀವು ತೊಡಗಿಸಿದ ಹಣ ಆ ದರ್ಜಿ ಹೆಣ್ಣುಮಗಳ ಕೈಗೆ ಹೋಗುವುದಿಲ್ಲ. ಆಕೆಗೆ ಸಾಲ ಕೊಟ್ಟಿರುವ ಅಲ್ಲಿನ ಸಂಸ್ಥೆಗೆ ಹೋಗುತ್ತದೆ. ನಿಮಗೆ ಬಡ್ಡಿ ಬರುವುದಿಲ್ಲವಾದರೂ ಆಕೆ ಮಾತ್ರ ಆ ಸಂಸ್ಥೆಗೆ ಬಡ್ಡಿ ಕಟ್ಟುತ್ತಲೇ ಇರುತ್ತಾಳೆ. ಕಾನೂನಿನ ಪ್ರಶ್ನೆಗೂ ಮನೆಯವರ ಪ್ರಶ್ನೆಗೂ ಇಷ್ಟು ಚಿಕ್ಕ ಉತ್ತರ ಸಾಲದು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಬ್ಯಾಂಕ್ ಶಾಖೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಸಾಲದ ಅರ್ಜಿಗಳನ್ನೇ ನೋಡುತ್ತ ಬಂದವನಾದ್ದರಿಂದ, ನಿಮ್ಮ ಸಂತೋಷದ ಬೆಲೆ ಏನೆಂಬುದು ನನಗೆ ಗೊತ್ತು. ಅದನ್ನು ಉಳಿಸಿಕೊಂಡೇ ಕೆಲವು ಸಂಗತಿಗಳನ್ನು ನೀವು ತಿಳಿಯಬೇಕೆಂಬುದು ನನ್ನ ಆಸೆ.

ಕೀವಾ 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮ್ಯಾಟ್ ಫ್ಲ್ಯಾನರಿ ಮತ್ತು ಜೆಸಿಕಾ ಜಾಕ್ಲಿ ಎಂಬ ದಂಪತಿ ಆರಂಭಿಸಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅವರ ಮೊದಲ ಸಾಲಗಳು ಹೋದದ್ದು ಉಗಾಂಡಾದ ಏಳು ಮಂದಿ ಸಣ್ಣ ವ್ಯಾಪಾರಿಗಳಿಗೆ, ಒಟ್ಟು 3,500 ಡಾಲರ್. ಬಡವರಿಗೆ ಅಡಮಾನವಿಲ್ಲದೆ ಸಾಲ ಕೊಟ್ಟರೂ ಅದು ಮರಳಿ ಬರುತ್ತದೆ ಎಂಬುದನ್ನು ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಅದಕ್ಕೂ ಬಹಳ ಮೊದಲೇ ತೋರಿಸಿಕೊಟ್ಟಿದ್ದರು. 1976ರಲ್ಲಿ ಜೋಬ್ರಾ ಎಂಬ ಹಳ್ಳಿಯ 42 ಮಂದಿಗೆ ಒಟ್ಟು 27 ಡಾಲರಿನಷ್ಟು ಕೈಗಡ ಕೊಟ್ಟಲ್ಲಿಂದ ಶುರುವಾದ ಕೆಲಸ 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಅವರಿಗೂ ಆ ಬ್ಯಾಂಕಿಗೂ ಶಾಂತಿಯ ನೊಬೆಲ್ ಬಂತು. ಇಂಥ ಸಂಸ್ಥೆಗಳಿಗೆ ಬೇಕಾದ ಬಂಡವಾಳವನ್ನು ಬ್ಯಾಂಕುಗಳಿಂದಲೋ ಸರ್ಕಾರದಿಂದಲೋ ತರುವ ಬದಲು, ನಿಮ್ಮಂಥ ಸಾಮಾನ್ಯರಿಂದ 25 ಡಾಲರಿನ ತುಂಡು ತುಂಡಾಗಿ, ಬಡ್ಡಿಯಿಲ್ಲದೆ, ಅಂತರ್ಜಾಲದ ಮೂಲಕ ಕೂಡಿಸಬಹುದು ಎಂಬುದು ಕೀವಾ ಸೇರಿಸಿದ ಹೊಸ ಸಂಗತಿ.

ಹಣ ಸಾಗುವ ದಾರಿ ಹೀಗಿದೆ. ಉಗಾಂಡಾದಲ್ಲಿ ಒಂದು ಕಿರುಸಾಲ (ಮೈಕ್ರೊ ಫೈನಾನ್ಸ್) ಸಂಸ್ಥೆಯಿದೆ. ಅದು ಕೀವಾದ ಪಾಲುದಾರ. ಅದರ ಸಿಬ್ಬಂದಿ ಆ ಹೆಣ್ಣುಮಗಳ ಮನೆಗೆ ಹೋಗಿ, ಹೊಲಿಗೆ ಯಂತ್ರ ನೋಡಿ, ಅರ್ಜಿ ಬರೆಸಿಕೊಂಡು, ತಮ್ಮದೇ ಹಣದಿಂದ ಆಕೆಗೆ ಸಾಲ ಕೊಡುತ್ತಾರೆ. ಆಕೆಯ ಫೋಟೊ ಮತ್ತು ನಾಲ್ಕು ಸಾಲಿನ ಪರಿಚಯ ಕೀವಾದ ಪುಟಕ್ಕೆ ಬರುವ ಹೊತ್ತಿಗೆ ಹೆಚ್ಚಿನ ಸಂದರ್ಭಗಳಲ್ಲಿ ಸಾಲ ಆಗಲೇ ಆಕೆಯ ಕೈಸೇರಿರುತ್ತದೆ. ನೀವು ಮತ್ತು ನಿಮ್ಮಂತೆ ಇನ್ನೂ ಕೆಲವರು ಸೇರಿಸಿದ ಹಣ ಆ ಸಂಸ್ಥೆಗೆ ಹೋಗಿ, ಅದು ಮೊದಲೇ ಕೈಯಿಂದ ಹಾಕಿದ್ದನ್ನು ತುಂಬಿಕೊಡುತ್ತದೆ. ಬ್ಯಾಂಕಿನವರ ಮಾತಿನಲ್ಲಿ ಇದು ರೀಫೈನಾನ್ಸ್. ರೈತನಿಗೆ ಸಾಲ ಕೊಟ್ಟ ಗ್ರಾಮೀಣ ಬ್ಯಾಂಕಿಗೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಹಿಂದಿನಿಂದ ಹಣ ಒದಗಿಸುವುದಿಲ್ಲವೇ, ಅದೇ ಕೆಲಸವನ್ನು ಇಲ್ಲಿ ನೀವು ಮಾಡಿದ್ದೀರಿ. ಈ ವಿಷಯವನ್ನು 2009ರಲ್ಲಿ ಡೇವಿಡ್ ರೂಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಬಿಡಿಸಿ ಬರೆದಾಗ ಅನೇಕ ಸಾಲದಾತರು ನೊಂದುಕೊಂಡರು. ಕೀವಾ ಕೂಡ ತನ್ನ ವಿವರಣೆಯನ್ನು ಬದಲಿಸಿ, ಹಣ ಹೇಗೆ ಸಾಗುತ್ತದೆಂಬುದನ್ನು ಸ್ಪಷ್ಟವಾಗಿ ಹೇಳತೊಡಗಿತು.

ಇದರಲ್ಲಿ ಮೋಸವಿಲ್ಲ. ಬಟ್ಟೆ ತರಬೇಕಾದವಳು ಎಲ್ಲಿಯೋ ಒಬ್ಬರು ಗುಂಡಿ ಒತ್ತುವ ತನಕ ಕಾದು ಕೂರಬೇಕಾಗಿಲ್ಲ ಎಂಬುದು ಆಕೆಗೆ ಒಳ್ಳೆಯದೇ. ಆದರೆ ಇದರಿಂದ ನಿಮ್ಮ ಆಯ್ಕೆಯ ಅರ್ಥವೇ ಬದಲಾಗುತ್ತದೆ. ನೀವು ಆರಿಸುತ್ತಿರುವುದು ಒಬ್ಬ ದರ್ಜಿಯನ್ನಲ್ಲ, ಒಂದು ಸಾಲ ಸಂಸ್ಥೆಯನ್ನು. ಫೋಟೊದಲ್ಲಿ ನಗುತ್ತಿರುವ ಮುಖಕ್ಕಿಂತ, ಆ ಮುಖದ ಮನೆ ಬಾಗಿಲಿಗೆ ಕಂತು ಕೇಳಲು ಬರುವವರು ಯಾರು, ಎಷ್ಟು ಬಡ್ಡಿ ಹಾಕುತ್ತಾರೆ, ಕಂತು ತಪ್ಪಿದ ವಾರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೀವು ನೋಡಬೇಕು. ನನ್ನ ಉತ್ತರದ ಉಳಿದದ್ದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಮೊದಲು ಬಡ್ಡಿಯ ಮಾತು. ಬಡ್ಡಿಯಿಲ್ಲದ ಹಣ ಸಿಕ್ಕರೂ ಸಂಸ್ಥೆ ಬಡ್ಡಿ ಹಾಕುವುದಕ್ಕೆ ಕಾರಣಗಳಿವೆ. ಐದು ಲಕ್ಷದ ಒಂದು ಸಾಲವನ್ನು ನೋಡಿಕೊಳ್ಳಲು ಎಷ್ಟು ಕಾಗದ, ಎಷ್ಟು ಓಡಾಟ ಬೇಕೋ, ಹತ್ತು ಸಾವಿರದ ಒಂದು ಸಾಲಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ವಸೂಲಿಗೆ ಹೋಗುವವನ ಸಂಬಳ, ಬೈಕಿನ ಪೆಟ್ರೋಲು, ಮುಳುಗಿದ ಸಾಲದ ನಷ್ಟ ಎಲ್ಲವೂ ಆ ಸಣ್ಣ ಸಾಲದ ಮೇಲೆಯೇ ಬೀಳುತ್ತವೆ. ಆದ್ದರಿಂದ ವರ್ಷಕ್ಕೆ ಶೇ 30ರ ಆಸುಪಾಸಿನ ಬಡ್ಡಿ ಕಂಡಾಕ್ಷಣ ಸಂಸ್ಥೆಯನ್ನು ಸುಲಿಗೆಕೋರರೆಂದು ಕರೆಯುವುದು ಸರಿಯಲ್ಲ. ನಮ್ಮ ಕಡೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುವವರು ವರ್ಷಕ್ಕೆ ಶೇ 36 ಕಟ್ಟುತ್ತಿದ್ದಾರೆ ಎಂಬುದನ್ನು ನೆನಪಿಡಿ. ಹಾಗೆಂದು ಯಾವ ದರವಾದರೂ ಸರಿಯೆಂದು ಸುಮ್ಮನಿರುವುದೂ ತಪ್ಪು. ಮೆಕ್ಸಿಕೊದ ಕಂಪಾರ್ಟಾಮೋಸ್ ಎಂಬ ಕಿರುಸಾಲ ಬ್ಯಾಂಕು ಬಡ ಹೆಂಗಸರಿಂದ ಬಹಳ ಹೆಚ್ಚಿನ ಬಡ್ಡಿ ಪಡೆದು, 2007ರಲ್ಲಿ ಷೇರು ಮಾರುಕಟ್ಟೆಗೆ ಹೋಗಿ ಹೂಡಿಕೆದಾರರಿಗೆ ಅಪಾರ ಲಾಭ ಮಾಡಿಕೊಟ್ಟಾಗ, ಅದನ್ನು ಕಟುವಾಗಿ ಟೀಕಿಸಿದವರಲ್ಲಿ ಯೂನುಸ್ ಕೂಡ ಇದ್ದರು.

ದರ ಹೇಳುವ ರೀತಿಯಲ್ಲಿಯೇ ಒಂದು ತೊಡಕಿದೆ. ಇದನ್ನು ಶಿಕ್ಷಕಿಯಾದ ನೀವು ಕೂಡಲೇ ಗ್ರಹಿಸುತ್ತೀರಿ. ಹತ್ತು ಸಾವಿರ ಸಾಲಕ್ಕೆ ‘ಶೇ 15 ಫ್ಲ್ಯಾಟ್ ಬಡ್ಡಿ’ ಎಂದರೆ ವರ್ಷಕ್ಕೆ 1,500 ರೂಪಾಯಿ ಬಡ್ಡಿ ಸೇರಿಸಿ, 11,500 ರೂಪಾಯಿಯನ್ನು ಹನ್ನೆರಡು ಕಂತು ಮಾಡುತ್ತಾರೆ. ಕಂತಿಗೆ ಸುಮಾರು 958 ರೂಪಾಯಿ. ಆದರೆ ಸಾಲಗಾರಳ ಕೈಯಲ್ಲಿ ಪೂರ್ತಿ ಹತ್ತು ಸಾವಿರ ಇರುವುದು ಮೊದಲ ತಿಂಗಳು ಮಾತ್ರ. ಆರನೆಯ ಕಂತಿನ ಹೊತ್ತಿಗೆ ಅರ್ಧದಷ್ಟು ಅಸಲು ತೀರಿಹೋಗಿದ್ದರೂ ಆಕೆ ಹತ್ತು ಸಾವಿರಕ್ಕೇ ಬಡ್ಡಿ ಕಟ್ಟುತ್ತಿರುತ್ತಾಳೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ ‘ಶೇ 15’ ವಾಸ್ತವದಲ್ಲಿ ಶೇ 26–27 ಆಗುತ್ತದೆ. ಅರ್ಜಿ ಶುಲ್ಕ, ವಿಮೆಯ ಹಣ, ಕಡ್ಡಾಯ ಉಳಿತಾಯ ಎಂದು ಮೊದಲೇ ಮುರಿದುಕೊಂಡರೆ ದರ ಇನ್ನೂ ಮೇಲೇರುತ್ತದೆ. ಕೀವಾದ ಪುಟದಲ್ಲಿ ಪ್ರತಿ ಪಾಲುದಾರ ಸಂಸ್ಥೆಯ ಬಗ್ಗೆಯೂ ಸಾಲಗಾರರಿಗೆ ಬೀಳುವ ಸರಾಸರಿ ವೆಚ್ಚ, ಸಂಸ್ಥೆಯ ಲಾಭದ ಪ್ರಮಾಣ, ಕಂತು ತಡವಾಗುವ ಪ್ರಮಾಣ, ಮುಳುಗಿದ ಸಾಲದ ಪ್ರಮಾಣ ಇವೆಲ್ಲ ಕೊಟ್ಟಿರುತ್ತಾರೆ. ಹೆಚ್ಚಿನವರು ಫೋಟೊ ನೋಡಿ ಅಲ್ಲಿಂದಲೇ ಹೊರಟುಬಿಡುತ್ತಾರೆ. ನೀವು ಆ ಪುಟವನ್ನು ತೆರೆದು ಓದಿ. ವೆಚ್ಚವೂ ಹೆಚ್ಚು, ಲಾಭವೂ ಹೆಚ್ಚು ಎಂದಿರುವ ಸಂಸ್ಥೆಗೆ ನಿಮ್ಮ ಬಡ್ಡಿಯಿಲ್ಲದ ಹಣ ಹೋಗುವ ಅಗತ್ಯವಿಲ್ಲ.

ಇನ್ನು ವಸೂಲಿ. ಕೀವಾದ ಸಾಲಗಳಲ್ಲಿ ಸುಮಾರು ಶೇ 96ರಷ್ಟು ಮರಳಿ ಬರುತ್ತದೆ ಎಂಬುದನ್ನು ನೀವೂ ಓದಿರಬಹುದು. ಈ ಅಂಕಿ ನಿಮ್ಮ ಹಣದ ಸುರಕ್ಷತೆಯ ಬಗ್ಗೆ ಒಂದಿಷ್ಟು ಹೇಳುತ್ತದೆ. ಸಾಲ ಪಡೆದವರ ಬದುಕಿನ ಬಗ್ಗೆ ಏನೂ ಹೇಳುವುದಿಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಬಳ್ಳಾರಿಯ ಕೌಲ್ ಬಜಾರಿನ ಒಂದು ಮನೆಯ ಹೊಸ್ತಿಲಲ್ಲಿ ಕುಳಿತು.

ಬಳ್ಳಾರಿಯ ಜೀನ್ಸ್ ದೇಶದಾದ್ಯಂತ ಮಾರಾಟವಾಗುತ್ತದೆ. ಅದರ ಹೊಲಿಗೆಯ ಬಹುಪಾಲು ನಡೆಯುವುದು ಇಂಥ ಮನೆಗಳಲ್ಲಿ, ಪೀಸಿಗೆ ಇಷ್ಟು ಎಂಬ ಕೂಲಿಗೆ. ಆ ಮನೆಯ ಹೆಣ್ಣುಮಗಳು ಮೋಟಾರು ಹಾಕಿದ ಯಂತ್ರದ ಪಕ್ಕದಲ್ಲಿ ಕತ್ತರಿಸಿದ ಬಟ್ಟೆಯ ಬಂಡಲ್ ಇಟ್ಟುಕೊಂಡು ಕೂತಿದ್ದರು. ಸಾಲದ ವಿವರ ಕೇಳಿದಾಗ ಗೋಡೆಗೂಡಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿದ್ದ, ಸಾಲದ ಕಂತು ಬರೆಯುವ ಐದು ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. ಹಳದಿ, ಗುಲಾಬಿ, ತಿಳಿ ಹಸಿರು. ಐದೂ ಬೇರೆ ಬೇರೆ ಸಂಸ್ಥೆಗಳವು, ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಗಂಡನಿಗೆ ಕಾಮಾಲೆಯಾಗಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಾಗ ಹೊಲಿಗೆ ನಿಂತಿತ್ತು. ಆ ವಾರ ಒಂದು ಸಂಸ್ಥೆಯ ವಸೂಲಿಗಾರ, ಇವರ ಜೊತೆಗೆ ಸಾಲ ಪಡೆದಿದ್ದ ಸಂಘದ ಉಳಿದ ಹೆಂಗಸರನ್ನೆಲ್ಲ ಕರೆತಂದು ಇದೇ ಹೊಸ್ತಿಲಿನ ಮುಂದೆ ಕೂರಿಸಿ, ಹಣ ಬರುವವರೆಗೂ ಯಾರೂ ಏಳುವಂತಿಲ್ಲ ಎಂದು ರಾತ್ರಿ ಒಂಬತ್ತರ ತನಕ ಕಾದಿದ್ದನಂತೆ. ಕೊನೆಗೆ ಅವರು ಮೀಟರ್ ಬಡ್ಡಿಗೆ ಹಣ ತಂದು ಕಂತು ಕಟ್ಟಿದರು. ನಾನು ಆ ಗುಲಾಬಿ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದೆ. ಆ ವಾರದ ಚೌಕದಲ್ಲಿ ಉಳಿದ ವಾರಗಳಂತೆಯೇ ನೀಟಾಗಿ ಸಹಿ ಬಿದ್ದಿತ್ತು, ಬಾಕಿ ಸೊನ್ನೆ. ಮೂರು ತಿಂಗಳ ನಂತರ ಆ ಬೀದಿಗೆ ಮತ್ತೆ ಹೋದಾಗ ಯಂತ್ರ ಇದ್ದ ಜಾಗ ಖಾಲಿಯಾಗಿತ್ತು. ಅದನ್ನು ಮಾರಿ ಮೀಟರ್ ಬಡ್ಡಿ ತೀರಿಸಿ, ಅವರು ಬೇರೆಯವರ ಘಟಕಕ್ಕೆ ಕೂಲಿಗೆ ಹೋಗುತ್ತಿದ್ದರು. ಆ ಸಂಸ್ಥೆಯ ಲೆಕ್ಕದಲ್ಲಿ ಇವರ ಸಾಲ ಇಂದಿಗೂ ಸಕಾಲಕ್ಕೆ ಪೂರ್ತಿ ಮರುಪಾವತಿಯಾದ ಸಾಲವೇ.

ಉಗಾಂಡಾದ ಆ ದರ್ಜಿಯ ಗತಿಯೂ ಹೀಗೇ ಆಗಿದೆ ಎಂದು ಹೇಳುತ್ತಿಲ್ಲ. ನಿಮ್ಮ ಖಾತೆಗೆ ತಿಂಗಳಿಗೊಮ್ಮೆ ಬಂದು ಬೀಳುವ ಹಣ, ಆಕೆಯ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು ಎಂದಷ್ಟೇ ಹೇಳುತ್ತಿದ್ದೇನೆ. ಎಷ್ಟೋ ಸಲ ಸಾಲಗಾರರು ಕಟ್ಟದಿದ್ದರೂ ಪಾಲುದಾರ ಸಂಸ್ಥೆಯೇ ತನ್ನ ಹೆಸರು ಕೆಡಬಾರದೆಂದು ಆ ಹಣ ತುಂಬಿಕೊಟ್ಟದ್ದೂ ಉಂಟು.

ವಸೂಲಿಯ ಪ್ರಮಾಣವನ್ನೇ ನಂಬಿ ಇಡೀ ಒಂದು ರಾಜ್ಯ ಎಡವಿದ ಉದಾಹರಣೆ ನಮ್ಮ ಗಡಿಯಾಚೆಗೇ ಇದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ 2010ರವರೆಗೆ ಮೈಕ್ರೊ ಫೈನಾನ್ಸ್ ಸಂಸ್ಥೆಗಳ ವಸೂಲಿ ಹೆಚ್ಚುಕಡಿಮೆ ಪರಿಪೂರ್ಣವಾಗಿತ್ತು. ಒಂದೇ ಮನೆಗೆ ನಾಲ್ಕಾರು ಕಡೆಯ ಸಾಲ, ಕಿರುಕುಳ, ಆತ್ಮಹತ್ಯೆಗಳ ಸುದ್ದಿ ಬಂದ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ವಸೂಲಿ ಕುಸಿದುಬಿತ್ತು. ಅನಂತರ ಈ ಕ್ಷೇತ್ರವನ್ನು ಪರಿಶೀಲಿಸಿದ ಮಾಲೆಗಾಂ ಸಮಿತಿಯ ವರದಿ, ರಿಸರ್ವ್ ಬ್ಯಾಂಕಿನ ನಿಯಮಗಳು ಬಂದವು. 2022ರ ಮಾರ್ಚಿನ ನಿಯಮಗಳ ಪ್ರಕಾರ ವರ್ಷಕ್ಕೆ ಮೂರು ಲಕ್ಷ ರೂಪಾಯಿವರೆಗೆ ವರಮಾನವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಇಷ್ಟಾದರೂ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಗಿ ಬಂತು. ನಮ್ಮಲ್ಲಿ ಇಷ್ಟೊಂದು ನಿಯಮಗಳಿದ್ದೂ ಹೀಗಾಗುವುದಾದರೆ, ನಿಯಮಗಳು ಸಡಿಲವಾಗಿರುವ ದೇಶಗಳ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಾಂಬೋಡಿಯದಲ್ಲಿ ಸಣ್ಣ ಸಾಲಕ್ಕೂ ಜಮೀನಿನ ಪತ್ರವನ್ನೇ ಅಡವಿಡಿಸಿಕೊಳ್ಳುವ ರೂಢಿ ಬೆಳೆದು, ಕಂತು ಕಟ್ಟಲಾಗದ ಕುಟುಂಬಗಳು ಜಮೀನು ಮಾರಿದ್ದನ್ನು ಅಲ್ಲಿನ ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ.

ಹಾಗಾದರೆ ಈ ಸಾಲದಿಂದ ಉಪಯೋಗವೇ ಇಲ್ಲವೇ? ಇದೆ, ಆದರೆ ಪ್ರಚಾರದಲ್ಲಿ ಹೇಳುವಷ್ಟಿಲ್ಲ. ಬೋಸ್ನಿಯ, ಇಥಿಯೋಪಿಯ, ಭಾರತ, ಮೆಕ್ಸಿಕೊ, ಮಂಗೋಲಿಯ, ಮೊರಾಕ್ಕೊ ಈ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಭಾರತದ ಅಧ್ಯಯನ ನಡೆದದ್ದು ಹೈದರಾಬಾದಿನಲ್ಲಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 104 ಬಡಾವಣೆಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಅವುಗಳಲ್ಲಿ 52ಕ್ಕೆ ಮಾತ್ರ ಮೊದಲು ಕಿರುಸಾಲ ಸಂಸ್ಥೆಯ ಶಾಖೆ ಬರುವಂತೆ ಮಾಡಿ, ಎರಡೂ ಬಗೆಯ ಬಡಾವಣೆಗಳ ಮನೆಗಳನ್ನು ಹೋಲಿಸಿ ನೋಡಿದರು. ಸಾಲ ಸಿಕ್ಕ ಕಡೆ ಯಂತ್ರ, ಗಾಡಿಯಂಥ ಬಾಳಿಕೆಯ ವಸ್ತುಗಳ ಮೇಲಿನ ಖರ್ಚು ಹೆಚ್ಚಿತ್ತು. ಮೊದಲೇ ವ್ಯಾಪಾರವಿದ್ದವರು ಅದನ್ನು ಬೆಳೆಸಿಕೊಂಡಿದ್ದರು. ಬಡತನ ಮಾತ್ರ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿರಲಿಲ್ಲ. ಉಳಿದ ದೇಶಗಳಲ್ಲೂ ಚಿತ್ರ ಹೆಚ್ಚುಕಡಿಮೆ ಇದೇ. ನನ್ನ ಅನುಭವವೂ ಇದಕ್ಕೆ ದೂರವಿಲ್ಲ. ನಡೆಯುತ್ತಿರುವ ಅಂಗಡಿಗೆ ಸರಕು ತುಂಬಲು, ಇರುವ ಎಮ್ಮೆಯ ಜೊತೆಗೆ ಇನ್ನೊಂದನ್ನು ಕಟ್ಟಲು ತೆಗೆದುಕೊಂಡ ಸಾಲ ಸಾಮಾನ್ಯವಾಗಿ ದಡ ಸೇರುತ್ತದೆ. ಏನೂ ಇಲ್ಲದಲ್ಲಿ ಸಾಲದಿಂದಲೇ ವ್ಯಾಪಾರ ಹುಟ್ಟಿಸಹೊರಟವರು ಬಹುಪಾಲು ಕಂತಿಗಾಗಿಯೇ ದುಡಿಯುತ್ತಾರೆ.

ಸಾಲದ ಕಂತು ದುಡಿಮೆಯ ಲಯಕ್ಕೆ ಹೊಂದಬೇಕೆಂಬುದು ಇನ್ನೊಂದು ಮುಖ್ಯ ಮಾತು. ಸಿಂಧನೂರಿನ ಭತ್ತದ ರೈತನಿಗೆ ಹಣ ಬರುವುದು ಸುಗ್ಗಿಗೆ. ವಾರದ ಕಂತು ಕೊಟ್ಟರೆ ಆತ ಅದನ್ನು ಕಟ್ಟುವುದು ಇನ್ನೊಂದು ಸಾಲದಿಂದಲೇ. ಕೀನ್ಯಾದಲ್ಲಿ 2006ರಿಂದ ಕೆಲಸ ಮಾಡುತ್ತಿರುವ ಒನ್ ಏಕರ್ ಫಂಡ್ ಎಂಬ ಸಂಸ್ಥೆ ಸಣ್ಣ ರೈತರಿಗೆ ಬೀಜ, ಗೊಬ್ಬರವನ್ನು ಉದ್ರಿ ಕೊಟ್ಟು, ಹಂಗಾಮು ಮುಗಿಯುವುದರೊಳಗೆ ಕೈಗೆ ಬಂದಾಗ ಬಂದಷ್ಟು ಕಟ್ಟಲು ಅವಕಾಶ ಕೊಡುತ್ತದೆ. ಕೀವಾದ ಮೂಲಕವೂ ಅದಕ್ಕೆ ಹಣ ಹೋಗಿದೆ. ಮರುಪಾವತಿಯ ವೇಳಾಪಟ್ಟಿ ಪ್ರತಿ ಸಾಲದ ಜೊತೆಗೂ ಇರುತ್ತದೆ. ಮುಂದೆ ಆಯ್ಕೆ ಮಾಡುವಾಗ ಈ ಬಗೆಯದನ್ನು ಹುಡುಕಿ ಎಂಬುದು ನನ್ನ ಸಲಹೆ.

ನಿಮ್ಮ ಹಣಕ್ಕಿರುವ ಅಪಾಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಲಗಾರರು ಕಟ್ಟದಿರಬಹುದು, ಪಾಲುದಾರ ಸಂಸ್ಥೆಯೇ ಮುಳುಗಬಹುದು, ಆ ದೇಶದ ನಾಣ್ಯದ ಬೆಲೆ ಕುಸಿದರೆ ಅದರ ನಷ್ಟದ ಒಂದು ಪಾಲು ನಿಮ್ಮ ಮೇಲೂ ಬೀಳಬಹುದು. ಕೀವಾ ಯಾವುದಕ್ಕೂ ಖಾತರಿ ಕೊಡುವುದಿಲ್ಲ. ಹಣ ಕಟ್ಟುವ ಹೊತ್ತಿಗೆ ಕೀವಾದ ಖರ್ಚಿಗೆಂದು ಒಂದು ಮೊತ್ತವನ್ನು ಸೇರಿಸಿ ತೋರಿಸುತ್ತದೆ. ಅದು ದೇಣಿಗೆ, ಐಚ್ಛಿಕವಾದದ್ದು, ಮರಳಿ ಬರುವುದಿಲ್ಲ.

ಈಗ ಕಾನೂನು. ವಿದೇಶಕ್ಕೆ ಹಣ ಕಳಿಸುವುದನ್ನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ನಿಯಂತ್ರಿಸುತ್ತದೆ. ಅದರ ಅಡಿಯಲ್ಲಿ ರಿಸರ್ವ್ ಬ್ಯಾಂಕ್ 2004ರಲ್ಲಿ ತಂದ ಉದಾರೀಕೃತ ಹಣ ರವಾನೆ ಯೋಜನೆಯ ಪ್ರಕಾರ ಭಾರತದಲ್ಲಿ ವಾಸಿಸುವ ವ್ಯಕ್ತಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಹೊರಗೆ ಕಳಿಸಬಹುದು. ನಿಮ್ಮ ಮೊತ್ತ ಅದರ ಹತ್ತಿರವೂ ಸುಳಿಯುವುದಿಲ್ಲ. ತೊಡಕಿರುವುದು ಮೊತ್ತದಲ್ಲಲ್ಲ, ಉದ್ದೇಶದಲ್ಲಿ. ಉಡುಗೊರೆ, ದೇಣಿಗೆ, ಓದು, ಪ್ರವಾಸ, ಚಿಕಿತ್ಸೆ ಇವೆಲ್ಲ ಆ ಯೋಜನೆಯಲ್ಲಿ ಸ್ಪಷ್ಟವಾಗಿ ಹೇಳಿದ ಉದ್ದೇಶಗಳು. ಸಾಲದ ಬಗ್ಗೆ ಹೇಳುವಾಗ ಮಾತ್ರ ಅದು, ರೂಪಾಯಿ ಸಾಲವೂ ಸೇರಿದಂತೆ, ಅನಿವಾಸಿ ಭಾರತೀಯರಾದ ಹತ್ತಿರದ ಸಂಬಂಧಿಗಳಿಗೆ ಕೊಡುವ ಸಾಲವನ್ನು ಹೆಸರಿಸುತ್ತದೆ. ಗುರುತು ಪರಿಚಯವಿಲ್ಲದ ವಿದೇಶಿಯರಿಗೆ ಡಾಲರಿನಲ್ಲಿ ಸಾಲ ಕೊಡುವುದು ಆ ಮಾತುಗಳೊಳಗೆ ಸ್ಪಷ್ಟವಾಗಿ ಕೂರುವುದಿಲ್ಲ. ‘25 ಡಾಲರಿಗೆ ಯಾರು ಕೇಳುತ್ತಾರೆ’ ಎಂದು ಹೇಳುವವರು ಸಿಗುತ್ತಾರೆ. ಆದರೆ ತಿಂಗಳು ತಿಂಗಳು ನಿಮ್ಮ ಪಿಂಚಣಿ ಖಾತೆಯಿಂದ, ನಿಮ್ಮದೇ ಕಾರ್ಡಿನಿಂದ ಇದನ್ನು ಮಾಡಿ ಎಂದು ನಾನು ಬರಹದಲ್ಲಿ ಸಲಹೆ ಕೊಡಲಾರೆ.

ಕಾರ್ಡಿನ ದಾರಿಯಲ್ಲಿ ಖರ್ಚೂ ಇದೆ. ವಿದೇಶಿ ನಾಣ್ಯದ ಪಾವತಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಶುಲ್ಕ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಮರಳಿ ಬಂದ ಹಣವನ್ನು ಹೊರತೆಗೆಯಬೇಕಾದರೆ ಇನ್ನೂ ಕಷ್ಟ, ಏಕೆಂದರೆ ಕೀವಾ ಅದನ್ನು ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಖಾತೆಗೆ ಕಳಿಸುತ್ತದೆ. ಭಾರತದಲ್ಲಿ ಪೇಪಾಲ್ ಮೂಲಕ ಹಣ ತರಿಸಿಕೊಳ್ಳಲು ಇರುವ ವ್ಯವಸ್ಥೆ ಸರಕು ಮತ್ತು ಸೇವೆಗಳ ರಫ್ತಿಗೆ ಮೀಸಲಾದದ್ದು. ವಿದೇಶಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಸಿಗುವುದಿಲ್ಲ. ವಿದೇಶದಲ್ಲಿ ಆಸ್ತಿ ಇರುವವರು ಆದಾಯ ತೆರಿಗೆಯ ಸರಳ ನಮೂನೆಯಾದ ಐಟಿಆರ್-1 ಬಳಸುವಂತಿಲ್ಲ. ಕೀವಾದಲ್ಲಿ ನಿಮ್ಮ ಹೆಸರಿನಲ್ಲಿ ಹಣ ಬಾಕಿ ಉಳಿಸಿಕೊಳ್ಳುವುದಾದರೆ ಈ ವಿಷಯವನ್ನು ನಿಮ್ಮ ಲೆಕ್ಕಪರಿಶೋಧಕರ ಗಮನಕ್ಕೆ ತನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮುಂದೆ ಒಂದು ಸುಗಮವಾದ ದಾರಿಯಿದೆ. ಖಾತೆ ಅಮೆರಿಕದ ನಿವಾಸಿಯಾದ ಮಗನ ಹೆಸರಿನಲ್ಲಿರಲಿ, ಹಣ ಅವನ ದುಡಿಮೆಯದಾಗಿರಲಿ, ಆಯ್ಕೆ ನಿಮ್ಮದಾಗಿರಲಿ. ಭಾನುವಾರ ಅವನು ಫೋನು ಮಾಡಿದಾಗ ಪುಟ ತೆರೆದು, ಯಾವ ಸಂಸ್ಥೆ, ಯಾವ ದರ, ಎಂಥ ಕಂತು ಎಂದು ನೀವಿಬ್ಬರೂ ಕೂಡಿ ನೋಡಿ. ತಾಯಿ ಮಗ ಮಾತಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ವಿಷಯ ಬೇಕೇ ಎಂದು ನನಗನ್ನಿಸುತ್ತದೆ. ಈಗ ಉಡುಗೊರೆ ಕಾರ್ಡಿನ ಹಣ ತಿರುಗುತ್ತಿದೆಯಲ್ಲ, ಅದು ನಿಮ್ಮ ಖಾತೆಯಿಂದ ದೇಶದ ಹೊರಗೆ ಹೋದ ಹಣವಲ್ಲ. ಆ ಬಗ್ಗೆ ಗಾಬರಿ ಬೇಡ.

ಕೊನೆಗೆ ಮನೆಯವರ ಪ್ರಶ್ನೆ. ಅದನ್ನು ಅವರು ಅಸಡ್ಡೆಯಿಂದ ಕೇಳಿದ್ದರೂ ಪ್ರಶ್ನೆ ಅಸಡ್ಡೆಯದಲ್ಲ. ಉಗಾಂಡಾದ ದರ್ಜಿಯ ಕಷ್ಟ ಬಳ್ಳಾರಿಯ ದರ್ಜಿಯ ಕಷ್ಟಕ್ಕಿಂತ ಕಡಿಮೆಯದೇನಲ್ಲ. ದೂರದವರಿಗೆ ನೆರವಾಗಬೇಕೆಂಬ ಮನಸ್ಸಿಗೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಆದರೆ ನಿಮ್ಮ ಆ ಎರಡು ಸಾವಿರ ರೂಪಾಯಿಯ ವಿಷಯದಲ್ಲಿ ನಾನು ಮನೆಯವರ ಪಕ್ಷ, ಅದೂ ಎರಡು ಕಾರಣಗಳಿಗೆ: ಇಲ್ಲಿ ಸಾಲ ಕೊಡಲು ಕಾನೂನಿನ ದಾರಿ ತೆರೆದಿದೆ, ಮತ್ತು ಇಲ್ಲಿನ ಸಂಸ್ಥೆ ಹೇಗೆ ನಡೆದುಕೊಳ್ಳುತ್ತದೆಂದು ನೀವು ಸ್ವತಃ ಹೋಗಿ ನೋಡಬಹುದು.

ವ್ಯಕ್ತಿಯಿಂದ ವ್ಯಕ್ತಿಗೆ ಆನ್‌ಲೈನ್ ಸಾಲ ಕೊಡಿಸುವ ವೇದಿಕೆಗಳಿಗೆ ರಿಸರ್ವ್ ಬ್ಯಾಂಕ್ 2017ರ ಅಕ್ಟೋಬರಿನಲ್ಲಿ ನಿಯಮ ರೂಪಿಸಿತು. ಆ ನಿಯಮಗಳ ಪ್ರಕಾರ ಹಣ ದೇಶದ ಗಡಿ ದಾಟುವಂತಿಲ್ಲ, ಆದ್ದರಿಂದ ಇವುಗಳ ಮೂಲಕ ಉಗಾಂಡಾಕ್ಕೆ ಸಾಲ ಕೊಡಲಾಗದು. ಒಬ್ಬ ಸಾಲಗಾರರಿಗೆ ಒಬ್ಬರು ಕೊಡಬಹುದಾದದ್ದು ಹೆಚ್ಚೆಂದರೆ 50,000 ರೂಪಾಯಿ, ಅವಧಿ ಹೆಚ್ಚೆಂದರೆ 36 ತಿಂಗಳು. ವೇದಿಕೆ ನಿಮ್ಮ ಹಣಕ್ಕೆ ಖಾತರಿ ಕೊಡುವಂತಿಲ್ಲ. ಕೆಲವು ವೇದಿಕೆಗಳು ಇದನ್ನು ಖಚಿತ ಆದಾಯದ ಠೇವಣಿಯೆಂಬಂತೆ ಪ್ರಚಾರ ಮಾಡತೊಡಗಿದ್ದರಿಂದ 2024ರ ಆಗಸ್ಟ್‌ನಲ್ಲಿ ನಿಯಮಗಳನ್ನು ಬಿಗಿ ಮಾಡಲಾಯಿತು. ಇಂಥ ವೇದಿಕೆಗಳಲ್ಲಿ ನಿಮ್ಮ ಮನಸ್ಸಿಗೆ ಹತ್ತಿರವಾಗಬಹುದಾದದ್ದು ಬೆಂಗಳೂರಿನ ರಂಗ್ ದೇ. 2008ರಲ್ಲಿ ಆರಂಭವಾದ ಅದು ಸಣ್ಣ ರೈತರಿಗೆ, ಕುಶಲಕರ್ಮಿಗಳಿಗೆ, ಸಣ್ಣ ಉದ್ಯಮಗಳಿಗೆ ಸಾಮಾನ್ಯ ಜನರಿಂದ ಕಡಿಮೆ ಬಡ್ಡಿಯ ಸಾಲ ಕೂಡಿಸಿಕೊಡುತ್ತದೆ. ಅಲ್ಲಿಯೂ ನಾನು ಹೇಳಿದ ಪ್ರಶ್ನೆಗಳನ್ನೇ ಕೇಳಿ: ಊರಿನಲ್ಲಿ ಸಾಲಗಾರರನ್ನು ಗುರುತಿಸುವ ಸಂಸ್ಥೆ ಯಾವುದು, ಒಟ್ಟು ವೆಚ್ಚ ಎಷ್ಟು, ಕಂತು ತಪ್ಪಿದಾಗ ಏನು ಮಾಡುತ್ತಾರೆ?

ಆನ್‌ಲೈನ್ ಎಂಬುದೇ ಮುಖ್ಯವಲ್ಲದಿದ್ದರೆ ಸ್ವಸಹಾಯ ಸಂಘಗಳ ಕಡೆಗೂ ನೋಡಿ. ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದ್ದು ಕರ್ನಾಟಕದ ಮೈರಾಡಾದಂಥ ಸ್ವಯಂಸೇವಾ ಸಂಸ್ಥೆಗಳ ಅನುಭವವನ್ನು ಕಂಡೇ. ಸಂಘಕ್ಕೆ ಹೊರಗಿನವರ ಹಣಕ್ಕಿಂತ ಹೊರಗಿನವರ ಅಕ್ಷರ ಹೆಚ್ಚು ಬೇಕಾಗಿರುತ್ತದೆ. ಲೆಕ್ಕದ ಪುಸ್ತಕ ನೋಡಿಕೊಡುವವರು, ಫ್ಲ್ಯಾಟ್ ಬಡ್ಡಿಗೂ ಉಳಿದ ಅಸಲಿನ ಮೇಲಷ್ಟೇ ಬೀಳುವ ಇಳಿಯುವ ಬಡ್ಡಿಗೂ ಇರುವ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆದು ತೋರಿಸುವವರು, ‘ಈ ಐದನೆಯ ಕಾರ್ಡು ಬೇಡ ತಂಗಿ’ ಎಂದು ಹೇಳುವವರು ಆ ಕೌಲ್ ಬಜಾರಿನ ಮನೆಗೆ ಸಕಾಲದಲ್ಲಿ ಸಿಕ್ಕಿದ್ದರೆ ಆ ಯಂತ್ರ ಅಲ್ಲೇ ಇರುತ್ತಿತ್ತೆಂದು ನಾನು ಇಂದಿಗೂ ನಂಬಿದ್ದೇನೆ. ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ನಿಮಗೆ ಇದು ಹೊಸ ಕೆಲಸವೇನೂ ಆಗಲಾರದು. ಕಿನ್ನಾಳದಲ್ಲಿ ಗೊಂಬೆ ಕೆತ್ತುವವರು, ಭಾಗ್ಯನಗರದಲ್ಲಿ ಮಗ್ಗದ ಮುಂದೆ ಕೂತವರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಉಗಾಂಡಾದ ಸಾಲದ ಕೊನೆಯ ಕಂತು ಬಂದ ಮೇಲೆ ಮುಂದಿನ ಆಯ್ಕೆಗೆ ಮೊದಲು ಪಾಲುದಾರ ಸಂಸ್ಥೆಯ ಪುಟವನ್ನು ತೆರೆದು, ಸರಾಸರಿ ವೆಚ್ಚ, ಲಾಭದ ಪ್ರಮಾಣ, ತಡವಾದ ಕಂತು ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅರ್ಥವಾಗದ ಅಂಕಿಯಿದ್ದರೆ ಆ ಹಾಳೆಯನ್ನೇ ನನಗೆ ಕಳಿಸಿ. ನೋಡಿ ಉತ್ತರ ಬರೆಯುತ್ತೇನೆ.